ಅಹಲ್ಯಾ ಫೇಲಾಗಲು ಹೊರಟ ದಿನ

ತಾನು ಮಲಗಿದ್ದ ಕ್ಯಾರವಾನಿನಿಂದ ಹಾಲಿಡೇ ಪಾರ್ಕಿನ ಸಾರ್ವಜನಿಕ ಸ್ನಾನದ ಮನೆಗೆ ಎಂಬತ್ತಮೂರು ಹೆಜ್ಜೆ ಎಂದು ಅಹಲ್ಯಾ ನಿನ್ನೆ ಸಂಜೆಯೇ ಎಣಿಸಿಟ್ಟಿದ್ದಳು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸೋಪಿನ ಡಬ್ಬಿ. ಎರಡೂ ಕಡೆ ಚಡ್ಡಿ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವ ಬಿಳಿಯರು. ಇಷ್ಟು ಜನರ ಎದುರಿಗೆ ಎಂಬತ್ತಮೂರು ಹೆಜ್ಜೆ ಇಡುವುದು ಹೇಗೆ? ಬೆಳಗಿನ ಆರೂವರೆಗೆ, ಮೇಲಿನ ಬಂಕಿನಲ್ಲಿ ತಲೆ ತಗ್ಗಿಸಿ ಕೂತು ಅವಳು ಡೈರಿಯಲ್ಲಿ ಬರೆದಳು: "ನನಗೆ ಹುಲಿಯ ಭಯವಿಲ್ಲ. 'ಗುಡ್ ಮಾರ್ನಿಂಗ್' ಅನ್ನುವವರ ಭಯ. ಟವೆಲ್ಲು ಹಿಡಿದವಳಿಗೆ ಯಾರೂ ಗುಡ್ ಮಾರ್ನಿಂಗ್ ಹೇಳಕೂಡದು ಎಂದು ಒಂದು ಕಾನೂನು ಬರಬೇಕು."

ಅದರ ಕೆಳಗೆ ಗೆರೆ ಎಳೆದು ದೊಡ್ಡ ಚಿಂತೆಯನ್ನು ಬರೆದಳು: "ಇವತ್ತು ನನ್ನನ್ನು ನೋಡಲು ಸಿಡ್ನಿಯಿಂದ ಬಂದಿದ್ದಾರೆ."

ಅಹಲ್ಯಾ ಮೈಸೂರಿನಿಂದ ಮೆಲ್ಬರ್ನಿಗೆ ಬಂದು ಆರು ತಿಂಗಳಾಗಿತ್ತು. ಅಲ್ಲಿನ ಗ್ಲೆನ್ ವೇವರ್ಲಿ ಬಡಾವಣೆಯಲ್ಲಿದ್ದ ಅಕ್ಕ ಪದ್ಮಿನಿ ಎರಡನೆಯ ಮಗುವಾದ ಮೇಲೆ ಕೆಲಸಕ್ಕೆ ಹೋಗಬೇಕಿತ್ತು. "ಸುಮ್ನೆ ಬಂದು ಊರು ನೋಡ್ಕೊಂಡು ಹೋಗೇ" ಎಂದು ಟಿಕೆಟ್ ಕಳಿಸಿದಳು. ಆರು ತಿಂಗಳಲ್ಲಿ ಅಹಲ್ಯಾ ನೋಡಿದ ಊರೆಂದರೆ ಮನೆಯ ಹಿಂದಿನ ಬಟ್ಟೆ ಒಣಹಾಕುವ ತಂತಿ ಮತ್ತು ಮಕ್ಕಳ ಡಾಕ್ಟರ ಕ್ಲಿನಿಕ್ಕು. ಮೂರು ವಾರದ ಹಿಂದೆ ಮೈಸೂರಿನ ಒಂದು ಕಾಲೇಜಿನ ಪ್ರಿನ್ಸಿಪಾಲರಿಂದ ಕಾಗದ ಬಂದಿತ್ತು: ಜುಲೈ ಒಂದಕ್ಕೆ ಬಂದು ಇತಿಹಾಸದ ಲೆಕ್ಚರರ್ ಆಗಿ ಸೇರಿಕೊಳ್ಳಬಹುದು. ಬರುತ್ತೇನೆಂದು ಉತ್ತರವನ್ನೂ ಹಾಕಿಬಿಟ್ಟಿದ್ದಳು. ಅಕ್ಕನಿಗೆ ಹೇಳುವುದೊಂದು ಬಾಕಿ. ದಿನಾ ಬೆಳಿಗ್ಗೆ "ಅಕ್ಕಾ" ಎಂದು ಶುರು ಮಾಡುವಳು, ಅಕ್ಕ "ಏನೇ?" ಅಂದೊಡನೆ "ಹಾಲು ಮುಗಿದಿದೆ" ಅಂದುಬಿಡುವಳು. ಮನೆಯ ಫ್ರಿಜ್ಜಿನಲ್ಲಿ ಈಗ ಹದಿನಾಲ್ಕು ಲೀಟರ್ ಹಾಲಿತ್ತು.

ಈ ನಡುವೆ ಸಿಡ್ನಿಯಿಂದ ಡಾಕ್ಟರ್ ಭಾಗೀರಥಿ ಎಂಬವರ ಫೋನು. "ನಿಮ್ಮ ತಂಗಿ ವಿಷಯ ಕೇಳಿದೆ. ನಮ್ಮನೆಗೆ ಒಬ್ಬಳು ಒಳ್ಳೇ ಹುಡುಗಿ ಬೇಕು, ಒಂದ್ಸಲ ನೋಡ್ಬೇಕಿತ್ತು. ನನ್ನ ಮೈದುನ ಗಿರೀಶನೂ ಬರ್ತಾನೆ." ಗಿರೀಶ ನಾರ್ತ್ ಸಿಡ್ನಿಯಲ್ಲಿ ಕಂಪ್ಯೂಟರ್ ಇಂಜಿನಿಯರ್, ಮದುವೆಯಿಲ್ಲ, ಖಾಯಂ ನೆಲೆಸಲು ಪಿಆರ್ ಇದೆ. ಪದ್ಮಿನಿಗೆ ಇನ್ನೇನು ಬೇಕು? ಎರಡೂ ಊರಿಗೆ ನಡುವೆ, ಆಲ್ಬರಿಯ ಹತ್ತಿರ ನದಿ ದಂಡೆಯ ಮೇಲೆ ಒಂದು ಹಾಲಿಡೇ ಪಾರ್ಕನ್ನು ಭಾವ ಚಂದ್ರಮೋಹನ್ ಪತ್ತೆ ಹಚ್ಚಿದರು. "ಒಂದು ರಾತ್ರಿ ದುಡ್ಡಿಗೆ ಎರಡು ರಾತ್ರಿ! ಮಕ್ಕಳಿಗೆ ಫ್ರೀ!" ಎಂದು ದಾರಿಯುದ್ದಕ್ಕೂ ಹಿಗ್ಗಿದರು. ಬಂದು ನೋಡಿದರೆ ಈಜುಕೊಳದಲ್ಲಿ ನೀರಿರಲಿಲ್ಲ. "ಮಕ್ಕಳು ಮುಳುಗೋ ಭಯ ಇಲ್ವಲ್ಲ," ಎಂದು ಭಾವ ಅದನ್ನೂ ಲಾಭದ ಕಡೆಗೇ ಸೇರಿಸಿದರು.

ಬೇಡ ಎಂದು ಬಾಯಿಬಿಟ್ಟು ಹೇಳುವುದು ಅಹಲ್ಯಾಳ ಕೈಲಿ ಆಗುವ ಮಾತಲ್ಲ. ಆದರೆ ಫೇಲಾಗಬಹುದಲ್ಲ? ಒಂದನೆಯ ಕ್ಲಾಸಿನಿಂದ ಎಂ.ಎ.ವರೆಗೆ ಮೊದಲ ರ್‍ಯಾಂಕು ಬಿಟ್ಟುಕೊಡದವಳು ಡೈರಿಯಲ್ಲಿ ದಪ್ಪಗೆ ಬರೆದಳು: "ಇವತ್ತು ಏನೇ ಆಗಲಿ, ನಪಾಸಾಗುತ್ತೇನೆ."

"ಚಿಕ್ಕಮ್ಮಾ, ವಾಟ್ ಆರ್ ಯು ರೈಟಿಂಗ್?" ಕೆಳಗಿನಿಂದ ಅಕ್ಕನ ದೊಡ್ಡ ಮಗಳು, ಐದು ವರ್ಷದ ವಂದನಾ ಕೇಳಿದಳು.

"ಹೋಮ್‌ವರ್ಕು ಪುಟ್ಟಿ."

ಮೊದಲ ಪೇಪರು ಉಡುಗೆಯದು. ತಲೆಗೆ ಎಣ್ಣೆ ಸುರಿದು ಜಡೆ ಬಿಗಿದಳು. ಮಾಸಿದ ಸಲ್ವಾರಿನ ಮೇಲೆ ಭಾವನ ಹಳೆಯ ಸ್ವೆಟರು ಏರಿಸಿ, ಕಾಲಿಗೆ ಅವರದೇ ಕಾಲುಚೀಲ ಹಾಕಿದಳು. ಅಕ್ಕ ನೋಡಿ ಎದೆ ಹಿಡಿದುಕೊಂಡಳು.

"ಇದೇನೇ ವೇಷ? ಹೊಲದಲ್ಲಿ ನಿಲ್ಲಿಸೋ ಬೆರ್ಚಪ್ಪನ ಥರ! ನೇರಳೆ ರೇಷ್ಮೆ ಸೀರೆ ಎಲ್ಲೇ?"

"ಮನೇಲೇ ಮರೆತೆ ಅಕ್ಕಾ."

ಅಕ್ಕ ಬೈಯುವಷ್ಟರಲ್ಲಿ ಬಾಗಿಲಲ್ಲಿ ಭಾಗೀರಥಿ. ರಾತ್ರಿ ತಡವಾಗಿ ಬಂದು ಪಕ್ಕದ ಕ್ಯಾರವಾನಿನಲ್ಲಿ ಇಳಿದಿದ್ದರು. ಕಣ್ಣ ಕೆಳಗೆ ಕಪ್ಪು, ಬಲಗೈಯಲ್ಲೊಂದು ಎಡಗೈಯಲ್ಲೊಂದು ಎರಡೂವರೆ ವರ್ಷದ ಅವಳಿ ಗಂಡುಮಕ್ಕಳು, ಆಕಾಶ್ ಮತ್ತು ಅನುರಾಗ್. ಸಂತೆಯಿಂದ ತಪ್ಪಿಸಿಕೊಳ್ಳಲು ನೋಡುವ ಕೋಳಿಗಳ ಹಾಗೆ ಒದ್ದಾಡುತ್ತಿದ್ದವು. ಹಿಂದೆ ಉದ್ದನೆಯ ಗಿರೀಶ, ಕೈಯಲ್ಲಿ ಕಾರಿನ ಕೀಲಿ.

ಭಾಗೀರಥಿ ಅಹಲ್ಯಾಳನ್ನು ಎಣ್ಣೆಜಡೆಯಿಂದ ಕಾಲುಚೀಲದವರೆಗೆ ನೋಡಿದರು. "ಅಲಂಕಾರದ ಗೀಳು ಇಲ್ಲ ಅನ್ನಿ," ಅಂದರು ಪದ್ಮಿನಿಗೆ. "ಒಳ್ಳೇದಾಯ್ತು. ರೇಷ್ಮೆ ಉಟ್ಕೊಂಡು ಓಡಾಡೋಕಾಗತ್ತಾ?"

ಎರಡನೆಯ ಪೇಪರು ಅಡುಗೆ. "ಉಪ್ಪಿಟ್ಟು ಅಹಲ್ಯಾದೇ," ಎಂದು ಅಕ್ಕ ಸಾರಿಬಿಟ್ಟಿದ್ದಳು. ಅಹಲ್ಯಾ ಮೆಣಸಿನಕಾಯಿ ಹಾಕಲಿಲ್ಲ, ಸಾಸಿವೆ ಮರೆತಳು, ಉಪ್ಪು ಒಂದು ಚಿಟಿಕೆ. ನೀರು ಮಾತ್ರ ಧಾರಾಳ. ಗೋಡೆಗೆ ಪೋಸ್ಟರ್ ಅಂಟಿಸಬಹುದಾದ ಪದಾರ್ಥವೊಂದು ತಯಾರಾಯಿತು. ಭಾವ ಒಂದು ಚಮಚ ಬಾಯಿಗಿಟ್ಟು ಗಂಭೀರರಾದರು. ಗಿರೀಶ ತನಗೆ ಬೆಳಿಗ್ಗೆ ಹಸಿವಾಗುವುದಿಲ್ಲ ಅಂದ. ಆದರೆ ಅವಳಿಗಳು ತಟ್ಟೆಗೆ ಮುಖ ಇಟ್ಟವು ಎತ್ತಲೇ ಇಲ್ಲ. "ಮೋರ್," ಅಂದ ಆಕಾಶ್. "ಮೋರ್," ಅಂದ ಅನುರಾಗ್.

ಭಾಗೀರಥಿಯ ಕಣ್ಣಲ್ಲಿ ನೀರಾಡಿತು. "ಖಾರ ಇಲ್ಲ, ಗಂಟಿಲ್ಲ. ಎಷ್ಟು ಮೆತ್ತಗೆ! ಇವು ಎರಡು ತಿಂಗಳಿಂದ ಬಿಸ್ಕತ್ತು ಬಿಟ್ಟು ಏನೂ ಮುಟ್ಟಿಲ್ಲ ಪದ್ಮಿನಿ."

ಪದ್ಮಿನಿ ತಂಗಿಯ ಕಡೆ ಹುಬ್ಬು ಹಾರಿಸಿದಳು. ಅಹಲ್ಯಾ ಖಾಲಿಯಾದ ಬಾಣಲೆಯನ್ನು ನೋಡಿದಳು. ಮೌಖಿಕ ಪರೀಕ್ಷೆಯಲ್ಲಾದರೂ ಬೀಳಲೇಬೇಕೆಂದು ಹಲ್ಲು ಕಚ್ಚಿದಳು.

"ರಾತ್ರಿ ನಿದ್ದೆ ಹೇಗಮ್ಮಾ?" ಭಾಗೀರಥಿ ಕೇಳಿದರು.

ಇಂಥ ಪ್ರಶ್ನೆ ಹೆಣ್ಣು ನೋಡುವಲ್ಲಿ ಯಾರಾದರೂ ಕೇಳಿದ್ದನ್ನು ಅವಳು ಕಂಡಿರಲಿಲ್ಲ. ಆದರೂ ಬಿಡಲಿಲ್ಲ. "ನಿದ್ದೇನೇ ಬರಲ್ಲ. ಸೂಜಿ ಬಿದ್ರೂ ಎಚ್ಚರ. ದೀಪ ಹಾಕ್ಕೊಂಡು ಓದ್ತಾ ಕೂತ್ಬಿಡ್ತೀನಿ."

"ಹೌದಾ!" ಭಾಗೀರಥಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ಕೋಪ ಬರತ್ತಾ?"

"ತುಂಬಾ."

"ಅಹಲ್ಯಾ!" ಅಕ್ಕ ಮೇಜಿನ ಕೆಳಗೆ ಕಾಲು ತುಳಿದಳು.

"ಹೇಳ್ಲಿ ಬಿಡಿ ಪದ್ಮಿನಿ. ಬರ್ಬೇಕು ಕೋಪ! ನಂಗೆ ಬರಲ್ಲ, ಅದಕ್ಕೇ ಎಲ್ಲಾ ನನ್ನ ತಲೆ ಮೇಲೆ ಕೂತಿರೋದು." ಭಾಗೀರಥಿ ದನಿ ತಗ್ಗಿಸಿದರು. "ಸಿನಿಮಾ, ಶಾಪಿಂಗು, ಸ್ನೇಹಿತರು?"

"ಯಾರೂ ಇಲ್ಲ. ನಾನು ಯಾರ ಜೊತೇನೂ ಮಾತಾಡಲ್ಲ."

ಭಾಗೀರಥಿ ಬಂಗಾರದ ಗಣಿ ಕಂಡವರ ಹಾಗೆ ಕೈ ಮುಗಿದುಕೊಂಡು ಕೂತರು.

ಇನ್ನು ತಡ ಮಾಡಬಾರದೆಂದು ಪದ್ಮಿನಿ, "ಹುಡುಗ್ರು ಹಾಗೇ ಒಂದು ಸುತ್ತು ಹೋಗ್ಬನ್ನಿ, ಗಿರೀಶ್. ನದಿ ತುಂಬಾ ಚೆನ್ನಾಗಿದೆ," ಅಂದಳು. "ಹಾಗೇ ಈ ನಾಲ್ಕೂ ಹೋಗ್ಲಿ," ಎಂದು ಭಾಗೀರಥಿ ಅವಳಿಗಳ ಜೊತೆಗೆ ವಂದನಾಳನ್ನೂ ಪದ್ಮಿನಿಯ ಎರಡನೆಯ ಮಗು, ಒಂದೂಕಾಲು ವರ್ಷದ ಪುಟ್ಟುವನ್ನೂ ಸೇರಿಸಿ ಅಟ್ಟಿದರು.

ಪಾರ್ಕಿನ ಆಫೀಸಿನ ಎದುರಿಗೆ ಬರುತ್ತಲೇ ಗಿರೀಶ, "ಎರಡೇ ನಿಮಿಷ, ಒಂದು ಫೋನ್ ಮಾಡ್ಬೇಕು," ಎಂದು ಟೆಲಿಫೋನ್ ಬೂತಿನೊಳಗೆ ಹೋದ. ಅರ್ಧ ಗಂಟೆಯಾದರೂ ರಿಸೀವರನ್ನು ಕೆನ್ನೆಗೆ ಒತ್ತಿಕೊಂಡು ನಗುತ್ತಲೇ ಇದ್ದ. ಅಹಲ್ಯಾಳಿಗೆ ಅವನ ಮೇಲೆ ಮೊದಲ ಸಲ ಒಳ್ಳೆಯ ಅಭಿಪ್ರಾಯ ಬಂತು.

ಕೊನೆಯ ಪೇಪರು ಅವಳೇ ಆರಿಸಿಕೊಂಡಳು: ಬೇಜವಾಬ್ದಾರಿ. ಪುಟ್ಟುವನ್ನು ತೊಡೆಯ ಮೇಲಿಟ್ಟುಕೊಂಡು ಮರದ ಕೆಳಗೆ ಕೂತು ಡೈರಿ ಬಿಡಿಸಿದಳು. ಉಳಿದ ಮೂರನ್ನು ಅವುಗಳ ಪಾಡಿಗೆ ಬಿಟ್ಟಳು. ಬಾತುಕೋಳಿಗಳ ಹೊಂಡದ ಪಕ್ಕದಲ್ಲಿ ಒಳ್ಳೇ ಕಪ್ಪು ಕೆಸರಿತ್ತು. ಹತ್ತು ನಿಮಿಷದಲ್ಲಿ ಮೂರು ಮಕ್ಕಳೂ ಗಣೇಶ ಮಾಡಲು ಕಲಸಿಟ್ಟ ಮಣ್ಣಿನ ಮುದ್ದೆಗಳಾದವು. ಪುಟ್ಟು ಜಾರಿಕೊಂಡು ಹೋಗಿ ನಾಲ್ಕನೆಯ ಮುದ್ದೆಯಾಯಿತು. ಅಹಲ್ಯಾ ನೋಡಿಯೂ ನೋಡದವಳ ಹಾಗಿದ್ದಳು. ಇದಕ್ಕೆ ಯಾವ ಪರೀಕ್ಷಕರೂ ಮಾರ್ಕ್ಸ್ ಕೊಡಲಾರರು.

ಅಷ್ಟರಲ್ಲಿ ಆಕಾಶ್ ಒಂದು ಬಾತುಕೋಳಿಯ ಹಿಂದೆ ಬಿದ್ದು ನದಿಯ ಕಡೆಗೆ ಓಡತೊಡಗಿದ. ಅವನ ಹಿಂದೆ ಅನುರಾಗ್. ಅಹಲ್ಯಾಳ ಡೈರಿ ಎಲ್ಲಿ ಬಿತ್ತೋ ತಿಳಿಯದು. ಹುಟ್ಟಿದಾಗಿನಿಂದ ಅವಳ ಗಂಟಲಲ್ಲಿ ಕೂಡಿಟ್ಟಿದ್ದ ದನಿಯೆಲ್ಲ ಒಂದೇ ಸಲ ಹೊರಬಿತ್ತು:

"ಏಯ್! ನಿಲ್ರೋ ಅಲ್ಲೇ!"

ಇಡೀ ಹಾಲಿಡೇ ಪಾರ್ಕು ನಿಂತಿತು. ಗಾಳ ಹಾಕುತ್ತಿದ್ದ ಮುದುಕ ಕೈ ಎತ್ತಿಬಿಟ್ಟ. ಬೂತಿನಲ್ಲಿ ಗಿರೀಶನ ಕೈಯಿಂದ ರಿಸೀವರ್ ಜಾರಿ ನೇತಾಡಿತು. ಬಾತುಕೋಳಿಯೂ ನಿಂತಿತು. ಅವಳಿಗಳು ಗಕ್ಕನೆ ನಿಂತು, ತಿರುಗಿ, ಕೆಸರು ಕಾಲಿನಲ್ಲಿ ಪಚಪಚ ನಡೆದು ಬಂದು ಅವಳ ಒಂದೊಂದು ಬೆರಳು ಹಿಡಿದುಕೊಂಡವು.

"ಚಿಕ್ಕಮ್ಮಾ," ವಂದನಾ ಗೌರವದಿಂದ ಅಂದಳು, "ಡೂ ಇಟ್ ಅಗೇನ್."

ಈ ಸ್ಥಿತಿಯಲ್ಲಿ ಮಕ್ಕಳನ್ನು ಎಲ್ಲಿಗೆ ಒಯ್ಯುವುದು? ಉಳಿದದ್ದು ಸ್ನಾನದ ಮನೆಯೊಂದೇ. ಪುಟ್ಟುವನ್ನು ಕಂಕುಳಲ್ಲಿ ಇರುಕಿಕೊಂಡು, ಎರಡು ಬೆರಳಿಗೆ ಇಬ್ಬರನ್ನು ನೇತುಹಾಕಿಕೊಂಡು, ಸ್ವೆಟರಿನ ತುದಿ ಹಿಡಿದ ವಂದನಾಳನ್ನು ಎಳೆದುಕೊಂಡು ಅಹಲ್ಯಾ ನಡೆದಳು. ಕುರ್ಚಿಯ ಮೇಲಿದ್ದವರೆಲ್ಲ ಎದ್ದುನಿಂತು ದಾರಿ ಬಿಟ್ಟರು. ಮೂವರು ಗುಡ್ ಮಾರ್ನಿಂಗ್ ಅಂದರು, ಒಬ್ಬಳು ಚಪ್ಪಾಳೆ ತಟ್ಟಿದಳು. ನಾಲ್ಕೂ ಮಕ್ಕಳನ್ನು ಸಾಲಾಗಿ ಶವರಿನ ಕೆಳಗೆ ನಿಲ್ಲಿಸಿ ಅವಳು ತಲೆಗೆ ಸೋಪು ಹಾಕುತ್ತಿರುವಾಗ ಬಾಗಿಲಲ್ಲಿ ಉಸಿರು ಎಳೆದುಕೊಂಡ ಸದ್ದಾಯಿತು. ಭಾಗೀರಥಿ.

ಆಯಿತು, ಈಗ ಬಿದ್ದೆ, ಎಂದು ಅಹಲ್ಯಾ ಸಂತೋಷದಿಂದ ತಲೆ ಎತ್ತಿದಳು.

"ತಲೆಗೆ ನೀರು..." ಭಾಗೀರಥಿ ಚೌಕಟ್ಟು ಹಿಡಿದು ನಿಂತಿದ್ದರು. "ತಲೆಗೆ ನೀರು ಹಾಕಿಸ್ಕೊಂಡು ಅಳದೇ ನಿಂತಿದಾವಲ್ಲ! ನಮ್ಮನೇಲಿ ಇಬ್ಬರು ಹಿಡ್ಕೊಂಡ್ರೂ ಆಗಲ್ಲ. ಯಾವ ಪುಣ್ಯಾತ್ಗಿತ್ತಿ ಹೆತ್ತಳಮ್ಮಾ ನಿನ್ನ!"

ಮಧ್ಯಾಹ್ನದ ಊಟವಾಗಿ, ಸಂಜೆಯ ಕಾಫಿಗೆ ಎಲ್ಲರೂ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಕೂತರು. ಮಕ್ಕಳು ಆಡಿ ಸುಸ್ತಾಗಿದ್ದವು. ಆಕಾಶ್ ಅಹಲ್ಯಾಳ ಹೆಗಲ ಮೇಲೆ ನಿದ್ದೆ ಹೋಗಿದ್ದ. ಅನುರಾಗನೂ ಪುಟ್ಟುವೂ ಒಂದೊಂದು ತೊಡೆ ಹಂಚಿಕೊಂಡಿದ್ದರು. ವಂದನಾ ಅವಳ ಬೆನ್ನಿಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಭಾಗೀರಥಿ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಸುತ್ತಿ ಬಳಸಿ ಯಾಕೆ ಪದ್ಮಿನಿ? ನಮಗೆ ಒಪ್ಪಿಗೆ."

ಪದ್ಮಿನಿ ಎದ್ದು ಓಡಿಹೋಗಿ ಕ್ಯಾರವಾನಿನಿಂದ ಕುಂಕುಮದ ಭರಣಿ, ಸಕ್ಕರೆ, ನಾಲ್ಕು ಬಾಳೆಹಣ್ಣು ತಂದಳು. "ನೀವು ಯಾವಾಗ ಅಂದ್ರೆ ಆವಾಗ. ಮುಹೂರ್ತ ನೋಡಿಸ್ಬೇಕಷ್ಟೆ."

"ಮುಹೂರ್ತ ಎಲ್ಲಾ ಯಾಕೆ? ನಾಳೆ ನಮ್ಮ ಕಾರಲ್ಲೇ ಕರ್ಕೊಂಡು ಹೋಗ್ತೀವಿ. ಬುಧವಾರ ನಾನು ಡ್ಯೂಟಿಗೆ ಸೇರ್ಕೋಬೇಕು."

ಕುಂಕುಮ ಹಿಡಿದ ಪದ್ಮಿನಿಯ ಬೆರಳು ಗಾಳಿಯಲ್ಲೇ ನಿಂತಿತು. "ನಾಳೆ? ಮದುವೆಗೆ ಮುಂಚೇನೇ?"

"ಯಾರ ಮದುವೆ?"

"ಗಿರೀಶಂದು. ಅಹಲ್ಯಾದು."

ಗಿರೀಶನಿಗೆ ಕಾಫಿ ನೆತ್ತಿಗೇರಿತು. "ಅಯ್ಯೋ, ನಾನು ಕಾರ್ ಓಡ್ಸೋಕೆ ಬಂದಿದ್ದು!" ಅಂದ ಕೆಮ್ಮುತ್ತಾ.

"ಅವನಿಗೆ ಆಫೀಸಿನ ಸೂಸನ್ ಜೊತೆ ಮುಂದಿನ ತಿಂಗಳು ರಿಜಿಸ್ಟರ್ ಮದುವೆ," ಅಂದರು ಭಾಗೀರಥಿ. "ನಾನು ಕೇಳಿದ್ದು ಮಕ್ಕಳನ್ನ ನೋಡ್ಕೊಳ್ಳೋಕೆ. ಫೋನಲ್ಲೇ ಹೇಳಿದ್ನಲ್ಲ, ಮನೆಗೆ ಒಳ್ಳೇ ಹುಡುಗಿ ಬೇಕು ಅಂತ!"

ಪದ್ಮಿನಿಯ ಮುಖ ಕುಂಕುಮಕ್ಕಿಂತ ಕೆಂಪಾಯಿತು. "ಏನಂದ್ರಿ? ನನ್ನ ತಂಗಿ ಎಂ.ಎ. ಗೋಲ್ಡ್ ಮೆಡಲಿಸ್ಟ್! ಅವಳನ್ನ ಆಯಾ ಕೆಲಸಕ್ಕೆ ಕೇಳ್ತೀರಾ?"

"ಮತ್ತೆ ನಿಮ್ಮನೇಲಿ ಆರು ತಿಂಗಳಿಂದ ಏನು ಮಾಡ್ತಿದಾಳೆ? ರಿಸರ್ಚಾ?"

ಪಕ್ಕದ ಕ್ಯಾರವಾನಿನ ಮುದುಕ ತನ್ನ ರೇಡಿಯೋ ಸಣ್ಣಗೆ ಮಾಡಿದ.

"ನಮ್ಮನೇಲಿ ಅವಳು ಚಿಕ್ಕಮ್ಮ!" ಪದ್ಮಿನಿ ಚೇತರಿಸಿಕೊಂಡಳು. "ಅವಳು ಸಿಡ್ನಿಗೆ ಬಂದುಬಿಟ್ರೆ ನಮ್ಮ ಪುಟ್ಟುನ ಯಾರು ನೋಡ್ಕೋತಾರೆ?"

"ಮತ್ತೆ ಗಿರೀಶನ್ನ ಮದುವೆಯಾಗಿದ್ರೆ ಸಿಡ್ನಿಗೆ ಬರ್ತಿರ್ಲಿಲ್ವಾ?"

"ಗಿರೀಶ್ ಮೆಲ್ಬರ್ನಲ್ಲಿ ಕೆಲಸ ನೋಡ್ಕೊಳ್ಳಲಿ ಅಂತ ಇವರು ಹೇಳೋರಿದ್ರು," ಎಂದು ಪದ್ಮಿನಿ ಗಂಡನ ಕಡೆ ಬೆರಳು ಮಾಡಿದಳು. "ನಮ್ಮ ಬೀದೀಲೇ ಒಂದು ಸಣ್ಣ ಯೂನಿಟ್ ಮನೆ ಕೂಡ ನೋಡಿಟ್ಟಿದೀವಿ, ರೆಂಟ್ ಕಮ್ಮಿ."

ಅಹಲ್ಯಾ ಭಾವನನ್ನು ನೋಡಿದಳು. ಭಾವ ಕಾಫಿಲೋಟದ ತಳವನ್ನು ನೋಡುತ್ತಿದ್ದರು. ಆಮೇಲೆ, ಸ್ವಭಾವತಃ ಶಾಂತಿಪ್ರಿಯರೂ ಅಗ್ಗದ ದಾರಿ ಹುಡುಕುವವರೂ ಆದ್ದರಿಂದ, "ಜಗಳ ಯಾಕೆ?" ಅಂದರು. "ವೀಸಾ ಇನ್ನಾರು ತಿಂಗಳು ಎಕ್ಸ್‌ಟೆಂಡ್ ಮಾಡ್ಸೋಣ. ಮೂರು ತಿಂಗಳು ನಿಮ್ಮಲ್ಲಿ, ಮೂರು ತಿಂಗಳು ನಮ್ಮಲ್ಲಿ."

"ನಾಲ್ಕು ನಮ್ಮಲ್ಲಿ," ಅಂದರು ಭಾಗೀರಥಿ. "ಅವಳಿ ಅಲ್ವಾ?"

"ಅವಳನ್ನೇ ಕೇಳೋಣ, ಪಾಪ," ಅಂದರು ಭಾವ, ದೊಡ್ಡ ಮನಸ್ಸು ಮಾಡಿ. "ಹೇಳಮ್ಮಾ ಅಹಲ್ಯಾ, ಸಂಕೋಚ ಬೇಡ. ನಿಂಗೆ ಯಾರ ಮಕ್ಕಳು ಹೆಚ್ಚು ಇಷ್ಟ? ಅವರದಾ, ನಮ್ಮದಾ?"

ನಾಲ್ಕು ಮುಖ ಅವಳ ಕಡೆ ತಿರುಗಿದವು. ಅಹಲ್ಯಾ ಎದ್ದುನಿಂತು, ಸೊಂಟದ ಮೇಲೆ ಕೈಯಿಟ್ಟು, ಬೆಳಿಗ್ಗೆ ನದಿಯ ದಂಡೆಯಲ್ಲಿ ಸಿಕ್ಕ ಆ ದನಿಯಲ್ಲಿ ಹೇಳಬೇಕೆಂದುಕೊಂಡಳು. ಆದರೆ ಹೆಗಲ ಮೇಲೊಂದು, ತೊಡೆಯ ಮೇಲೆರಡು, ಬೆನ್ನಿಗೊಂದು, ಏಳುವುದು ಹೇಗೆ? ಬಾಯಿ ತೆರೆದಾಗ ಆಕಾಶ್ ನಿದ್ದೆಯಲ್ಲೇ ಬಿಕ್ಕಿ ಅವಳ ಜಡೆ ಹಿಡಿದುಕೊಂಡ. ಅವನು ಎದ್ದರೆ ಅನುರಾಗ್ ಏಳುತ್ತಾನೆ, ಅನುರಾಗ್ ಎದ್ದರೆ ಪುಟ್ಟು. ಅವಳು ಕೂತಲ್ಲಿಯೇ, ಅಕ್ಕನ ಕಣ್ಣನ್ನು ನೆಟ್ಟಗೆ ನೋಡುತ್ತಾ, ಒಂದೊಂದೇ ಮಾತನ್ನು ಬಿಡಿಸಿ ಪಿಸುಗುಟ್ಟಿದಳು:

"ಯಾರ ಮಕ್ಕಳೂ ಇಷ್ಟ ಇಲ್ಲ. ನಂಗೆ ಮೈಸೂರಲ್ಲಿ ಲೆಕ್ಚರರ್ ಕೆಲಸ ಸಿಕ್ಕಿದೆ ಅಕ್ಕಾ. ಜುಲೈ ಒಂದಕ್ಕೆ ಸೇರ್ಬೇಕು. ನಾನು ಊರಿಗೆ ಹೋಗ್ತೀನಿ."

ಪದ್ಮಿನಿಯ ಕೈಯಿಂದ ಬಾಳೆಹಣ್ಣು ಉರುಳಿತು. ಭಾವ ಕೆಮ್ಮಲು ಹೋಗಿ ನಿಲ್ಲಿಸಿದರು. ಭಾಗೀರಥಿ ಮಾತ್ರ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು, ಪದ್ಮಿನಿಯ ಕಿವಿಯ ಹತ್ತಿರ ಬಗ್ಗಿದರು.

"ನೋಡಿದ್ರಾ ಪದ್ಮಿನಿ? ಇಷ್ಟು ಕೋಪದಲ್ಲೂ ಮಕ್ಕಳು ಏಳಬಾರ್ದು ಅಂತ ಎಷ್ಟು ಮೆತ್ತಗೆ ಹೇಳಿದ್ಲು! ಐದು ತಿಂಗಳು ನಮಗೆ ಕೊಡಿ."