ಹತ್ತು ದಿನ ನಿದ್ದೆ ಮಾಡಲು ಕೋರಿ, ಹಾಲವ್ವನ ಜೀವಕೋಶಗಳಿಗೆ

ಕೆಂಗೇರಿಯ ಸಂಶೋಧನಾಲಯವೊಂದರಲ್ಲಿ, ಮೂವತ್ತೇಳು ಡಿಗ್ರಿಯ ಬೆಚ್ಚನೆಯ ಪೆಟ್ಟಿಗೆಯೊಳಗೆ ಸುಖವಾಗಿ ವಾಸಿಸುತ್ತಿರುವ ಮಾನ್ಯ ಕ್ಯಾನ್ಸರ್ ಜೀವಕೋಶ ಮಹಾಶಯರ ಸನ್ನಿಧಿಗೆ, ಅತ್ತಿಗುಪ್ಪೆಯ ನಿವೃತ್ತ ಗಣಿತದ ಮೇಷ್ಟ್ರು ಶಂಭುಲಿಂಗಪ್ಪನ ಶರಣು ಶರಣಾರ್ಥಿಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಮ್ಮ ಕ್ಷೇಮಸಮಾಚಾರ ಕೇಳದೆ ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ಕಾಫಿ ಇಳಿಯುವುದಿಲ್ಲ.

ಮಾನ್ಯರೇ, ತಮ್ಮನ್ನು ಸಾಕುತ್ತಿರುವ ವಿಜ್ಞಾನಿ ಡಾ. ನೀಲಮ್ಮನವರ ಗಂಡ ನಾನು. ತಮಗೆ ಮೂರು ದಿನಕ್ಕೊಮ್ಮೆ ಹೊಸ ಊಟ ಹಾಕಬೇಕು, ಅದನ್ನು ಅವರೇ ಹಾಕಬೇಕು ಎಂಬ ಒಂದೇ ಕಾರಣಕ್ಕೆ ಹದಿನೆಂಟು ವರ್ಷಗಳಿಂದ ನಾವಿಬ್ಬರೂ ಎರಡು ರಾತ್ರಿಗಿಂತ ಹೆಚ್ಚು ಊರು ಬಿಟ್ಟವರಲ್ಲ. ಮಗಳು ವಚನಾಳ ಮದುವೆಯ ದಿನ ತಾಯಿಯಾದವರು ತಮಗೆ ಉಣಿಸಿ, ಮೆಟ್ರೋ ಹತ್ತಿ, ಅಕ್ಕಿಕಾಳು ಬೀಳುವುದಕ್ಕೆ ಐದು ನಿಮಿಷ ಮೊದಲು ಮಂಟಪ ತಲುಪಿದರು. ರೇಷ್ಮೆ ಸೀರೆಯಿಂದ ಸ್ಪಿರಿಟ್ ವಾಸನೆ ಬರುತ್ತಿದ್ದುದನ್ನು ಗಮನಿಸಿ ಬೀಗಿತ್ತಿ ಯಾರನ್ನೋ ಆಸ್ಪತ್ರೆಗೆ ಸೇರಿಸಿದ್ದಾರೆಂದು ಗಾಬರಿಯಾದರು.

ತಮ್ಮ ಊಟದ ವಿಚಾರವನ್ನಂತೂ ನಮ್ಮ ತಾಯಿಗೆ ಕೊನೆಯವರೆಗೂ ಹೇಳಲಿಲ್ಲ. ಮೊಟ್ಟೆ ಒಡೆಯದ ಮನೆ ನಮ್ಮದು. ತಮಗೋ, ವಿದೇಶದಿಂದ ಬರುವ ಕರುವಿನ ರಕ್ತದ ರಸ! ಅದನ್ನು ಗುಲಾಬಿ ಬಣ್ಣದ ದ್ರಾವಣಕ್ಕೆ ಬೆರೆಸಿ, ಉಗುರುಬೆಚ್ಚಗೆ ಮಾಡಿ ಬಡಿಸುತ್ತಾರೆ. ನನಗೆ ಫ್ರಿಜ್ಜಿನಲ್ಲಿ ನಿನ್ನೆಯ ಹುಳಿ ಇರುತ್ತದೆ, ಡಬ್ಬಿಯ ಮೇಲೆ ದಿನಾಂಕ ಬರೆದ ಚೀಟಿ ಅಂಟಿರುತ್ತದೆ.

ಆದರೂ ತಮ್ಮ ಹಿರಿಮೆಯನ್ನು ಒಪ್ಪಲೇಬೇಕು. ತಮಗಿಂತ ಮೊದಲು ನೀಲಮ್ಮನವರು ಆರು ವರ್ಷ ಬೇರೆ ಕೋಶಗಳ ಚಾಕರಿ ಮಾಡಿದ್ದರು. ಬಾಯಿಯ ಕ್ಯಾನ್ಸರಿನವೆಂದು ನಂಬಿದ್ದ ಅವನ್ನು ಒಂದು ದಿನ ಡಿಎನ್‌ಎ ಪರೀಕ್ಷೆಗೆ ಹಾಕಿದರೆ, ಅವು ಯಾವಾಗಲೋ ನುಸುಳಿ ಬಂದು ಇಡೀ ತಟ್ಟೆಯನ್ನೇ ಆಕ್ರಮಿಸಿಕೊಂಡಿದ್ದ ಕರುಳಿನ ಕ್ಯಾನ್ಸರಿನ ಕೋಶಗಳು! ಬೇರೆ ಯಾರಿಗೂ ಗೊತ್ತಿರಲಿಲ್ಲ, ಸುಮ್ಮನಿದ್ದರೆ ಬಡ್ತಿ ಸಿಗುತ್ತಿತ್ತು. ಅವರು ಆ ಕೋಶಗಳ ಮೇಲಿನ ಪ್ರಬಂಧ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ತಾವಾಗಿಯೇ ಬರೆದು ಅದನ್ನು ಹಿಂತೆಗೆದುಕೊಂಡರು, ಬಡ್ತಿ ಕಳೆದುಕೊಂಡರು. ಆವತ್ತು ನನಗಾದ ಹೆಮ್ಮೆಯನ್ನು ಇದುವರೆಗೆ ಅವರಿಗೆ ಹೇಳಿಲ್ಲ, ತಮ್ಮ ಹತ್ತಿರ ಹೇಳುತ್ತಿದ್ದೇನೆ. ಇವತ್ತು ಅವರ ಶಿಷ್ಯರಿರುವ ಯಾವ ಲ್ಯಾಬಿನಲ್ಲೂ ಕೋಶಗಳ ಗುರುತು ಪರೀಕ್ಷಿಸದೆ ಪ್ರಯೋಗ ಶುರುವಾಗುವುದಿಲ್ಲ. ಆ ಪರೀಕ್ಷೆಗೆ ‘ನೀಲಮ್ಮ ಮಾಡುವುದು’ ಎಂದೇ ಹೆಸರಂತೆ.

ಆಮೇಲೆ ತಾವು ದಯಮಾಡಿಸಿದಿರಿ. ರಾಣೆಬೆನ್ನೂರು ಕಡೆಯ ಹಾಲವ್ವ ಎಂಬಾಕೆ, ತಂಬಾಕು ಜಗಿದು ಕೆನ್ನೆಯಲ್ಲಿ ಗಡ್ಡೆಯಾಗಿ ಆಸ್ಪತ್ರೆಗೆ ಬಂದವರು, ಆ ಗಡ್ಡೆಯ ಚೂರನ್ನು ಸಂಶೋಧನೆಗೆ ಕೊಡಲು ಹೆಬ್ಬೆಟ್ಟೊತ್ತಿ, “ಸಾಕೂದಾದ್ರ ಚಲೋತಂಗ ಸಾಕವ್ವ, ಉಪಾಸ ಕೆಡವಬ್ಯಾಡ” ಎಂದರಂತೆ. ಹಾಲವ್ವ ಆ ವರ್ಷವೇ ತೀರಿಕೊಂಡರು. ತಾವು ಉಳಿದಿರಿ. ಒಮ್ಮೆ ಮೋಸ ಹೋದ ನೀಲಮ್ಮನವರು ಅಂದಿನಿಂದ ತಮ್ಮ ಊಟಕ್ಕೆ ಬೇರೆಯವರ ಕೈ ಸೋಕಿಸಿಲ್ಲ. ಯಾವ ಜೀನು ಕೆಟ್ಟರೆ ಕೆನ್ನೆಯ ಗಡ್ಡೆ ಕತ್ತಿಗೆ ಇಳಿಯುತ್ತದೆ ಎಂಬುದು ತಮ್ಮಿಂದಲೇ ಪತ್ತೆಯಾಯಿತು. ಜಪಾನು, ಜರ್ಮನಿಯವರು ಕೇಳಿ ತರಿಸಿಕೊಂಡರು, ತಾವು ವಿಮಾನದಲ್ಲಿ ಹೋದಿರಿ. ನಾನು ಶ್ರೀರಂಗಪಟ್ಟಣ ನೋಡಿಕೊಂಡು ಸಂಜೆಗೆ ವಾಪಸಾದೆ.

ಈಗ ನನ್ನ ಅಹವಾಲು. ಈ ತಿಂಗಳ ಕೊನೆಗೆ ನೀಲಮ್ಮನವರು ನಿವೃತ್ತರಾಗುತ್ತಾರೆ. ಮಾರನೆಯ ದಿನಕ್ಕೇ ಅಂಡಮಾನಿಗೆ ಹತ್ತು ದಿನದ ಪ್ರವಾಸ ಗೊತ್ತು ಮಾಡಿದ್ದೇನೆ. ಅವರಿನ್ನೂ ಹ್ಞೂಂ ಅಂದಿಲ್ಲ, ಕೇಳಿದಾಗಲೆಲ್ಲ “ಅವಕ್ಕೆ ಊಟ ಯಾರ್ರೀ ಹಾಕ್ತಾರೆ?” ಎನ್ನುತ್ತಾರೆ. ಲ್ಯಾಬಿನಲ್ಲಿ ದ್ರವ ಸಾರಜನಕದ ತೊಟ್ಟಿಯೊಂದಿದ್ದು, ಅದರೊಳಗೆ ತಾವು ವರ್ಷಗಟ್ಟಲೆ ಹೆಪ್ಪುಗಟ್ಟಿ ಮಲಗಬಲ್ಲಿರೆಂದು ಬಲ್ಲೆ. ಆದರೆ ನಿವೃತ್ತಿಯ ನಂತರವೂ ಅವರೇ ಮುಗಿಸಬೇಕಾದ ಪ್ರಯೋಗ ಅರ್ಧದಲ್ಲಿರುವಾಗ ತಮ್ಮನ್ನು ಮಲಗಿಸುವಂತಿಲ್ಲವಂತೆ. ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ ಸ್ವಇಚ್ಛೆಯಿಂದ ತೊಟ್ಟಿಗೆ ಇಳಿಯಬೇಕು. ಅದಾಗದಿದ್ದರೆ ಹತ್ತು ದಿನ ಒಪ್ಪೊತ್ತು ಇರಬೇಕು. ಅದೂ ಆಗದಿದ್ದರೆ ತಾವು ಕೋಟ್ಯಂತರ ಜನರೂ ಸೇರಿ ಒಂದು ರಜಾಚೀಟಿಗೆ ಸಹಿ ಹಾಕಿ ಕಳಿಸಿಕೊಡಬೇಕು. ಅರವತ್ತು ತುಂಬಿದರೂ ಅವರು ಸಮುದ್ರದ ನೀರಿಗೆ ಕಾಲಿಟ್ಟವರಲ್ಲ. ನನಗೆ ಅದೊಂದು ನೋಡಬೇಕು, ಬೇರೇನೂ ಬೇಡ.

ತಮ್ಮ ವಿಶ್ವಾಸಿ,
ತಮ್ಮಂತೆ ಚಿರಂಜೀವಿಯಲ್ಲದ
ಶಂಭುಲಿಂಗಪ್ಪ

ಮರೆತ ಮಾತು: ಪತ್ರ ಅಂಚೆಗೆ ಬೀಳದೆ ಜೇಬಿನಲ್ಲೇ ಉಳಿದಿತ್ತು, ಈಗ ಅಂಡಮಾನಿನ ದಂಡೆಯಲ್ಲಿ ಕೂತು ಮುಗಿಸುತ್ತಿದ್ದೇನೆ. ಶಿಷ್ಯೆ ಶರಣ್ಯಾಳಿಂದ ಒಂದು ವಾರ ತಮಗೆ ಊಟ ಹಾಕಿಸಿ, ಪಕ್ಕದಲ್ಲೇ ನಿಂತು ನೋಡಿ, ತೃಪ್ತಿಯಾದ ಮೇಲೆ ನೀಲಮ್ಮನವರು ಹ್ಞೂಂ ಅಂದರು. ಇವತ್ತು ಪ್ರವಾಸದ ಮೂರನೆಯ ದಿನ, ತಮ್ಮ ಊಟದ ದಿನ. ಅವರು ಸೀರೆ ಎತ್ತಿ ಕಟ್ಟಿ ಮಂಡಿಯುದ್ದದ ನೀರಿನಲ್ಲಿ ನಿಂತು ನಗುತ್ತಿದ್ದಾರೆ, ತಮ್ಮ ಹೆಸರನ್ನೇ ಎತ್ತಿಲ್ಲ. ತಾವು ಬೇಜಾರು ಮಾಡಿಕೊಳ್ಳಬಾರದು. ಬೆಳಗಿನಿಂದ ಶರಣ್ಯಾಗೆ ನಾಲ್ಕು ಸಲ ಫೋನ್ ಮಾಡಿದವನು ನಾನು. ಕೊನೆಗೆ ಆಕೆ “ಅಯ್ಯೋ ಅಂಕಲ್, ಆಗ್ಲೇ ಹಾಕಿದೀನಿ, ನಿಮ್ದು ಮೇಡಂಗಿಂತ ಜಾಸ್ತಿ ಆಯ್ತು” ಎಂದು ಗದರಿಸಿ ಇಟ್ಟಳು. ಇದರಿಂದ ತಾವು ಬೀಗಬೇಕಾದ್ದೇನಿಲ್ಲ. ಬೆಚ್ಚಗೆ ಮಾಡಿ ಹಾಕಿದಳೋ ಇಲ್ಲವೋ ಎಂದು ಕೇಳುವುದು ಮರೆತೆ, ಅಷ್ಟೆ. ಇನ್ನೊಂದೇ ಸಲ ಫೋನ್ ಮಾಡುತ್ತೇನೆ.