ಉಪಗ್ರಹಗಳ ಜೊತೆ ಚೌಕಾಸಿ

ಪಂಪೇ ಇಲ್ಲದೆ ಹೆಂಡತಿಯ ನರ್ಸರಿಗೆ ನೀರು ಹರಿಸುತ್ತೇನೆಂದು ನಾನು ಶಪಥ ಮಾಡಿದ್ದು ಊಟದ ತಟ್ಟೆಯ ಮುಂದೆ. ಹೊಟ್ಟೆ ತುಂಬಿದ ಗಂಡಸಿನ ಧೈರ್ಯಕ್ಕೆ ಯಾರೂ ಹೊಣೆಯಲ್ಲ.

ಅಂದಹಾಗೆ, ನನ್ನ ವ್ಯಾಪಾರವೇ ಪಂಪು ಮತ್ತು ಪೈಪಿನದು. ಅಂಗಡಿಯಲ್ಲಿ ಪಂಪುಗಳು ಬಂದ ನೆಂಟರ ಹಾಗೆ ಸಾಲಾಗಿ ಕೂತಿವೆ. ಏಳುವ ಲಕ್ಷಣ ಯಾವುದಕ್ಕೂ ಇಲ್ಲ.

"ಅದ್ರಲ್ಲಿ ಒಂದನ್ನ ಮನೆಗೆ ತನ್ನಿ ಅಂತ ಎಷ್ಟು ಸಲ ಹೇಳೋದು ರೀ?" ಎಂದಳು ಹೆಂಡತಿ.

"ಅವು ಗಿರಾಕಿಗಳಿಗೆ ಕಣೇ."

"ಹಾಗಾದ್ರೆ ನಾನ್ಯಾರು?"

ಈ ಪ್ರಶ್ನೆಗೆ ಸರಿಯುತ್ತರ ಕೊಟ್ಟ ಗಂಡನನ್ನು ನಾನಿನ್ನೂ ನೋಡಿಲ್ಲ. "ನೀನು ಮಾಲೀಕಳು," ಎಂದು ಮಜ್ಜಿಗೆ ಲೋಟದ ಹಿಂದೆ ಅಡಗಿದೆ.

ಮನೆಯ ಹಿಂದಿನ ಜಾಗ ಉದ್ದಕ್ಕೆ ಹೋಗಿ ಒಂದು ದಿಬ್ಬದಲ್ಲಿ ಮುಗಿಯುತ್ತದೆ. ಆ ದಿಬ್ಬದ ಮೇಲೆ ಅವಳ ಸಸಿಗಳಿವೆ. ಒಂದು ಶಾಲೆಯವರು ತಮ್ಮ ಆವರಣಕ್ಕೆ ಅಷ್ಟೂ ಸಸಿಗಳನ್ನು ಕೊಳ್ಳುತ್ತೇವೆಂದು ಒಪ್ಪಿದ್ದರು. ಅವಳ ಮೊದಲ ವ್ಯಾಪಾರ. ಬಿಸಿಲು ನೋಡಿದರೆ ಹಗೆ ಸಾಧಿಸುವಂತಿತ್ತು. ಅವಳು ಬಕೆಟ್ಟು ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿದ್ದಳು. ಆದರೂ ಅಂಚಿನ ಸಸಿಗಳು ಆಗಲೇ ತಲೆ ಬಗ್ಗಿಸಿದ್ದವು.

"ಮಾಳಿಗೆ ಮೇಲೆ ಟ್ಯಾಂಕಿದೆ. ಅಲ್ಲಿಂದ ದಿಬ್ಬಕ್ಕೆ ಪೈಪ್ ಎಳೆದ್ರೆ ನೀರು ತಾನಾಗೇ ಹರಿಯುತ್ತೆ," ಎಂದೆ.

"ಟ್ಯಾಂಕಿಗಿಂತ ದಿಬ್ಬಾನೇ ಮೇಲಿದೆ."

"ಬಕೆಟ್ ಹೊತ್ತೋರಿಗೆ ನೆಲ ಎಲ್ಲಾ ಏರಾಗೇ ಕಾಣುತ್ತೆ. ಅಳೆದು ತೋರಿಸ್ತೀನಿ ಇರು."

ಅಳೆಯುವ ಸಾಧನ ಮನೆತನದಲ್ಲೇ ಇತ್ತು. ನನ್ನ ಭಾವಮೈದ ರಸ್ತೆ ಅಳೆಯುವ ಕೆಲಸದವನು. ಮೊಬೈಲಿನ ದಪ್ಪ ಅಣ್ಣನಂತಿರುವ ಒಂದು ಜಿಪಿಎಸ್ ಯಂತ್ರವನ್ನು ತಂದುಕೊಟ್ಟ. ಅದು ಆಕಾಶದ ಉಪಗ್ರಹಗಳನ್ನು ಕೇಳಿ ನಾವು ನಿಂತ ಜಾಗವನ್ನೂ ಎತ್ತರವನ್ನೂ ಹೇಳುತ್ತದಂತೆ. ಅಂಗಡಿಯ ಕಂಪ್ಯೂಟರಿಗೆ ನಕ್ಷೆ ಬಿಡಿಸುವ ತಂತ್ರಾಂಶವನ್ನೂ ಹಾಕಿಕೊಟ್ಟ. ಯಂತ್ರದ ಲೆಕ್ಕವನ್ನು ಅದರೊಳಗೆ ಸುರಿದರೆ ಗುಡ್ಡ, ತಗ್ಗು, ಇಳಿಜಾರು ಎಲ್ಲ ಬಣ್ಣ ಬಣ್ಣವಾಗಿ ಮೂಡುತ್ತದೆ.

"ಭಾವ, ಒಂದು ಮಾತು," ಎಂದ ಹೊರಡುವಾಗ. "ಜಾಗ ಎಲ್ಲಿ ಅಂತ ಇದು ಚೆನ್ನಾಗಿ ಹೇಳುತ್ತೆ. ಎತ್ತರದ ವಿಷ್ಯದಲ್ಲಿ ಮಾತ್ರ ಪೂರ್ತಿ ನಂಬಬೇಡಿ."

"ವ್ಯಾಪಾರದಲ್ಲಿ ನಾನು ಯಾರನ್ನ ಪೂರ್ತಿ ನಂಬಿದೀನಪ್ಪಾ?" ಎಂದು ಬೆನ್ನು ತಟ್ಟಿ ಕಳಿಸಿದೆ.

ಏಣಿ ಹತ್ತಿ ಯಂತ್ರವನ್ನು ಟ್ಯಾಂಕಿನ ಪಕ್ಕ ಹಿಡಿದೆ. ಅದು ಒಂದು ಎತ್ತರ ಹೇಳಿತು. ನಾನು ಕೆಮ್ಮಿ ಮತ್ತೆ ನೋಡುವಷ್ಟರಲ್ಲಿ ಇನ್ನೊಂದು ಹೇಳಿತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಕೆಲವು ಮೀಟರ್ ಹೆಚ್ಚು ಕಮ್ಮಿ ಇರಬಹುದೆಂದು ತಾನೇ ಒಪ್ಪಿಕೊಂಡಿತ್ತು. ನನ್ನ ಎದೆ ಅರಳಿತು. ಹೆಚ್ಚು ಕಮ್ಮಿ! ಇಷ್ಟು ವರ್ಷ ನಾನು ಅನ್ನ ತಿಂದಿರುವುದೇ ಆ ಎರಡು ಮಾತಿನ ನಡುವಿನ ಸಂದಿಯಲ್ಲಿ. ಹೇಳಿದ್ದೇ ಕೊನೆಯ ಬೆಲೆಯಲ್ಲ ಎಂದು ಬಾಯಿಬಿಟ್ಟವನನ್ನು ಚೌಕಾಸಿ ಮಾಡದೆ ಬಿಟ್ಟರೆ ಗಲ್ಲಾಪೆಟ್ಟಿಗೆ ನನ್ನನ್ನು ಕ್ಷಮಿಸೀತೇ?

ಆಮೇಲೆ ದಿಬ್ಬ ಹತ್ತಿ ಅಲ್ಲಿಯ ಎತ್ತರವನ್ನೂ ಹಿಡಿದು ತಂದೆ. ಹತ್ತುವಾಗ ಸ್ವಲ್ಪ ಏದುಸಿರು ಬಂತು. ವಯಸ್ಸು ಎಂದುಕೊಂಡೆ.

ಕಂಪ್ಯೂಟರಿನ ಮುಂದೆ ಕೂತು ನೋಡಿದರೆ ಯಂತ್ರವೂ ಹೆಂಡತಿಯ ಪಕ್ಷ ವಹಿಸಿತ್ತು. ದಿಬ್ಬವೇ ತುಸು ಮೇಲೆ. ಆದರೆ ಉಪಗ್ರಹಗಳೇ ಹೆಚ್ಚು ಕಮ್ಮಿಗೆ ಅನುಮತಿ ಕೊಟ್ಟಿದ್ದವಲ್ಲ? ಟ್ಯಾಂಕಿನ ಲೆಕ್ಕದಲ್ಲಿ ಹೆಚ್ಚನ್ನು ಹಿಡಿದೆ, ದಿಬ್ಬದ ಲೆಕ್ಕದಲ್ಲಿ ಕಮ್ಮಿಯನ್ನು ಹಿಡಿದೆ. ಮಾರುವಾಗ ಒಂದು, ಕೊಳ್ಳುವಾಗ ಒಂದು. ಅಂಕಿ ತಿದ್ದಿ ಗುಂಡಿ ಒತ್ತಿದ್ದೇ ತಡ, ತಂತ್ರಾಂಶ ಚಕಾರವೆತ್ತದೆ ಒಪ್ಪಿತು. ನಮ್ಮ ಟ್ಯಾಂಕು ಕಂದು ಬಣ್ಣದ ಪರ್ವತದಂತೆ ಎದ್ದಿತು. ಹೆಂಡತಿಯ ದಿಬ್ಬ ಹಸಿರು ಕಣಿವೆಯಾಗಿ ನನ್ನ ಕಾಲಬುಡಕ್ಕೆ ಬಂತು. ಇಷ್ಟು ಒಳ್ಳೆಯ ಗಿರಾಕಿಯನ್ನು ನಾನು ಕಂಡೇ ಇರಲಿಲ್ಲ.

ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಒಂದು ಪ್ರತಿಯನ್ನು ಅಂಗಡಿಯ ಗೋಡೆಗೆ ಅಂಟಿಸಿದೆ, ಇನ್ನೊಂದನ್ನು ಮನೆಗೆ ತಂದೆ. ಬಂದವರಿಗೆಲ್ಲ ಕೋಲು ಹಿಡಿದು ವಿವರಿಸಿದೆ. ಎದುರಿನ ಪಂಪಿನ ಅಂಗಡಿಯವನೂ ರಸ್ತೆ ದಾಟಿ ಬಂದ. ಅವನು ನನ್ನ ಅಂಗಡಿಗೆ ಬರುವುದು ನನ್ನಲ್ಲಿ ವ್ಯಾಪಾರವಿಲ್ಲ ಎಂದು ಖಚಿತ ಮಾಡಿಕೊಳ್ಳಲು ಮಾತ್ರ.

"ಪಂಪಿಲ್ದೆ ನೀರು ಹೋಗುತ್ತೇನ್ರೀ?"

"ವಿಜ್ಞಾನ ಸ್ವಾಮಿ."

"ಸರಿ ಬಿಡಿ. ಊರಿಗೆಲ್ಲ ವಿಜ್ಞಾನಾನೇ ಮಾರಿಬಿಡಿ. ಪಂಪ್ ನಾನು ಮಾರ್ಕೋತೀನಿ."

ಹೊಟ್ಟೆಕಿಚ್ಚು ಎಂದು ನಕ್ಕೆ. ಪ್ಲಂಬರನನ್ನು ಕರೆಸಿ ನೆಲ ಅಗೆಸಿದೆ. ಅವನು ದಿಬ್ಬ ನೋಡಿದ, ಟ್ಯಾಂಕ್ ನೋಡಿದ, ನಕ್ಷೆ ನೋಡಿದ, ಕೊನೆಗೆ ನನ್ನ ಮುಖ ನೋಡಿದ. "ಪೈಪ್ ಮಾರೋರು ನೀವು, ನಿಮಗೆ ನಾನೇನು ಹೇಳ್ಲಿ?" ಎಂದು ಪೈಪು ಹೂತು ಮಣ್ಣು ಮುಚ್ಚಿ ಹೋದ.

ಉದ್ಘಾಟನೆಗೆಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿಟ್ಟೆ. ಭಾವಮೈದನೂ ಬಂದ. ಅವನನ್ನು ಮಾಳಿಗೆ ಹತ್ತಿಸಿ ವಾಲ್ವ್ ತಿರುಗಿಸಲು ಹೇಳಿದೆ. ನಾನೂ ಹೆಂಡತಿಯೂ ದಿಬ್ಬದಲ್ಲಿ ಪೈಪಿನ ಬಾಯಿಯ ಮುಂದೆ ನಿಂತೆವು. ಒಳಗಿಂದ ಉಸ್ಸೆಂದು ದೀರ್ಘ ನಿಟ್ಟುಸಿರೊಂದು ಬಂತು. ಅಷ್ಟೇ. ಪೈಪು ಸುಮ್ಮನಾಯಿತು.

"ಬಂತಾ ಭಾವ?" ಎಂದು ಮಾಳಿಗೆಯಿಂದ ಕೂಗಿದ.

"ದಾರಿಯಲ್ಲಿದೆ," ಎಂದೆ.

"ನನ್ನ ಸಸಿಗಳು ದಾರಿ ನೋಡ್ತಾ ಒಣಗ್ತಿವೆ," ಎಂದಳು ಹೆಂಡತಿ. ಅವಳ ದನಿಯಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪವಿರಲಿಲ್ಲ.

ನನ್ನೊಳಗಿನ ಪಂಪಿನ ತಜ್ಞ ಎದ್ದು ನಿಂತ. "ಪೈಪಲ್ಲಿ ಗಾಳಿ ಸಿಕ್ಕಿಕೊಂಡಿದೆ. ಈ ಕಡೆಯಿಂದ ಸ್ವಲ್ಪ ನೀರು ಕುಡಿಸಿದ್ರೆ ಸರಿಹೋಗುತ್ತೆ." ಪಕ್ಕದಲ್ಲೇ ಡ್ರಮ್ಮಿತ್ತು. ಆ ದಿನಕ್ಕೆಂದು ಅವಳು ಬೆಳಗಿನಿಂದ ಹೊತ್ತು ತುಂಬಿಸಿದ್ದ ನೀರು. "ರೀ, ಬೇಡ," ಎನ್ನುವಷ್ಟರಲ್ಲಿ ಬಕೆಟ್ಟಿನ ಮೇಲೆ ಬಕೆಟ್ಟು ಸುರಿದೆ. ಪೈಪು ಗಟಗಟ ಕುಡಿಯಿತು. ಎಷ್ಟು ಸುರಿದರೂ ಬೇಡ ಎನ್ನಲಿಲ್ಲ. ಡ್ರಮ್ಮಿನ ತಳ ಕಂಡಿತು.

ಆಗ ಮಾಳಿಗೆಯಿಂದ ಕೂಗು ಕೇಳಿಸಿತು. "ಭಾವ, ನಿಲ್ಲಿಸಿ! ಟ್ಯಾಂಕ್ ತುಂಬಿ ಚೆಲ್ತಾ ಇದೆ!"

ಹೌದು. ಟ್ಯಾಂಕಿನಿಂದ ದಿಬ್ಬಕ್ಕೆ ಹರಿಯಬೇಕಾದ ನೀರು, ನನ್ನ ವಿಜ್ಞಾನಕ್ಕೆ ಕೈಮುಗಿದು, ದಿಬ್ಬದಿಂದ ಟ್ಯಾಂಕಿಗೆ ಹರಿದಿತ್ತು. ಅಲ್ಲಿಂದ ಉಕ್ಕಿ, ಒಣಗಲು ಹಾಕಿದ್ದ ಹಾಸಿಗೆಯನ್ನು ತೋಯಿಸಿ, ಅಡುಗೆಮನೆಯ ಕಿಟಕಿಯಲ್ಲಿ ಇಳಿಯುತ್ತಿತ್ತು. ಯಾರಿಗೂ ಬೇಡವಾದ ಕಡೆಗೆಲ್ಲ ಧಾರಾಳವಾಗಿ ನೀರು.

ಭಾವಮೈದ ಒದ್ದೆ ಪ್ಯಾಂಟಿನಲ್ಲಿ ಇಳಿದು ಬಂದು ನಕ್ಷೆ ನೋಡಿದ. "ನಕ್ಷೆ ಚೆನ್ನಾಗಿದೆ ಭಾವ. ತಲೆಕೆಳಗಾಗಿ ಹಿಡ್ಕೊಂಡು ಓದ್ಬೇಕು ಅಷ್ಟೆ." ಆಮೇಲೆ ಯಂತ್ರದಲ್ಲಿ ಉಳಿದಿದ್ದ ಮೂಲ ಅಂಕಿಗಳನ್ನು ತೆಗೆದು ನೋಡಿ ಹುಬ್ಬು ಗಂಟಿಕ್ಕಿದ. "ಇದನ್ನ ಯಾರು ತಿದ್ದಿದ್ದು?"

"ತಿದ್ದಿಲ್ಲಪ್ಪಾ. ಮಾತಾಡಿ ಒಪ್ಪಿಸಿದೆ."

ಹೆಂಡತಿ ಖಾಲಿ ಡ್ರಮ್ಮನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಎರಡರಲ್ಲೂ ಅವಳಿಗೆ ಒಂದೇ ಕಂಡಿರಬೇಕು. ಚಪ್ಪಲಿ ಮೆಟ್ಟಿ ಹೊರಟಳು. ನಾನು ಅಡುಗೆಮನೆ ಒರೆಸುತ್ತಿದ್ದೆ. ಸಂಜೆಯ ಹೊತ್ತಿಗೆ ಹಿತ್ತಿಲಿನಲ್ಲಿ ಗುಂಯ್ ಎಂಬ ಸದ್ದಾಯಿತು. ಹೊರಗೆ ಬಂದು ನೋಡಿದರೆ ಹೊಸ ಪಂಪು. ನನ್ನದೇ ಪೈಪಿನಲ್ಲಿ ನೀರು ದಿಬ್ಬ ಹತ್ತಿತ್ತು. ಸಸಿಗಳ ಮೇಲೆ ಅವಳು ಸಣ್ಣಗೆ ಹನಿಸುತ್ತಿದ್ದಳು. ಬಗ್ಗಿದ್ದ ತಲೆಗಳಲ್ಲಿ ಎದ್ದವು ಹೆಚ್ಚು, ಏಳದವು ಕಮ್ಮಿ. ಈ ಹೆಚ್ಚು ಕಮ್ಮಿಯಲ್ಲಿ ನನ್ನ ಕೈವಾಡವಿರಲಿಲ್ಲ.

"ಎಲ್ಲಿಂದ ತಂದೆ?"

"ಎದುರಂಗಡಿಯಿಂದ. ನಿಮ್ಮವು ಗಿರಾಕಿಗಳಿಗೆ ತಾನೆ?"

"ಅವನು ಹೇಳಿದ ರೇಟೇ ಕೊಟ್ಟೆಯಾ? ಚೌಕಾಸಿ ಮಾಡ್ಲಿಲ್ವಾ?"

"ಚೌಕಾಸಿಗೆ ಮನೇಲಿ ಒಬ್ರು ಸಾಕು."

ಮರುದಿನ ಅಂಗಡಿಯ ಬಾಗಿಲು ತೆಗೆದರೆ ಎದುರಿಗೆ ಹೊಸ ಫಲಕ. ದಪ್ಪಕ್ಷರದಲ್ಲಿ, 'ಎದುರಂಗಡಿಯವರ ಮನೆಯಲ್ಲೂ ನಮ್ಮದೇ ಪಂಪ್.' ನಮ್ಮ ಗಿರಾಕಿಗಳು ರಸ್ತೆಯ ನಡುವೆ ನಿಂತು ಓದಿಕೊಂಡು, ನನ್ನತ್ತ ಒಂದು ಕರುಣೆಯ ನೋಟ ಚೆಲ್ಲಿ, ಅತ್ತ ತಿರುಗುತ್ತಿದ್ದರು.

ಮಾನ ಬಿಟ್ಟು ರಸ್ತೆ ದಾಟಿದೆ. "ಅದನ್ನ ತೆಗೀರಿ ಅನ್ನೋಲ್ಲ ಮಾರಾಯ್ರೆ. ತೀರಾ ಎತ್ತರದಲ್ಲಿದೆ, ಊರಿಗೆಲ್ಲ ಕಾಣುತ್ತೆ. ಸ್ವಲ್ಪ ಕೆಳಗಾದ್ರೂ ಇಳಿಸಿ."

ಅವನು ಗಲ್ಲದ ಮೇಲೆ ಕೈಯಿಟ್ಟು ಫಲಕವನ್ನೇ ನೋಡಿದ.

"ಎತ್ತರಾನಾ? ಯಂತ್ರ ಹಿಡಿದು ನೀವೇ ಅಳೆದುಬಿಡಿ ಯಜಮಾನ್ರೆ. ನಿಮ್ಮ ನಕ್ಷೆಯಲ್ಲಿ ಅದು ಆಗ್ಲೇ ಕೆಳಗಿರುತ್ತೆ."