ಅಮ್ಮಾ, ಅದು ಮುರಿದ ಸದ್ದಲ್ಲ

ಹೆದರಿಸುವ ಸಂಗತಿಗಳು ಹೆದರುವವರ ಮನೆಯನ್ನೇ ಹುಡುಕಿಕೊಂಡು ಬರುತ್ತವೆ ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ಟ್ಯಾಕ್ಸಿ ತಿರುಗಿಸಿದವಳು ನಾನು. ಮನೆಗೆ ಬಂದು ನೋಡಿದರೆ ನಮ್ಮದು ಕರೆಂಟಿನ ಒಲೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ. ಹೊರಗೆ ಹೋಗುವ ಸರಕಿನ ಕಾಗದಪತ್ರಗಳನ್ನು ಎರಡೆರಡು ಸಲ ನೋಡುವುದು. ಅಲ್ಲಿ ನನ್ನ ಹೆದರಿಕೆಗೆ ಸಂಬಳವಾದರೂ ಇದೆ. ಮನೆಯಲ್ಲಿ ಪುಕ್ಕಟೆ.

ಮನೆ ಎಂದರೆ ಡಿಸ್ಕವರಿ ಗಾರ್ಡನ್ಸ್‌ನ ಮೂರನೇ ಮಹಡಿಯ ಒಂದು ಫ್ಲ್ಯಾಟು. ನಾನು, ಮಗಳು, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಅತ್ತೆ. ಗಂಡನಿಗೆ ಅಬುಧಾಬಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಮಗಳು ಹನ್ನೆರಡನೇ ಕ್ಲಾಸು. ಅನಿಮೇಷನ್ ಕಲಿಯುವ ಕಾಲೇಜಿಗೆ ತಾನು ಮಾಡಿದ ಚಿತ್ರಗಳನ್ನು ಕಳಿಸಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಅವಳ ಹಳೆಯ ಲ್ಯಾಪ್‌ಟಾಪು ಪ್ರಾಣ ಬಿಟ್ಟಿತು.

"ಡೆಸ್ಕ್‌ಟಾಪ್ ಬೇಕಮ್ಮ. ಪಾರ್ಟ್ಸ್ ತಂದು ನಾವೇ ಅಸೆಂಬಲ್ ಮಾಡೋಣ" ಎಂದಳು.

"ನಾವೇ ಅಂದರೆ?"

"ಯೂ ಅಂಡ್ ಮಿ."

ಬಲ್ಬು ಬದಲಿಸಲಿಕ್ಕೂ ಮೆಂಟೆನೆನ್ಸಿನವರಿಗೆ ಫೋನು ಮಾಡುವವಳು ನಾನು. ಬೇಡ ಎನ್ನಲು ಬಾಯಿ ತೆರೆದಿದ್ದೆ. ಆದರೆ ಬಾಗಿಲು ಹಾಕಿಕೊಂಡು ತನ್ನ ಕೋಣೆಯಲ್ಲೇ ಇರುವ ಹುಡುಗಿಯ ಬಾಯಲ್ಲಿ 'ನಾವು' ಎಂಬ ಮಾತು ಕೇಳಿ ಬಹಳ ಕಾಲವಾಗಿತ್ತು. ಬರುವ ವರ್ಷ ಅವಳು ಯಾವ ಊರಿನ ಹಾಸ್ಟೆಲಿನಲ್ಲಿರುತ್ತಾಳೋ. ಹೂಂ ಎಂದುಬಿಟ್ಟೆ.

ಮೆಟ್ರೋದಲ್ಲಿ ಸಂತಾಪ

ಶುಕ್ರವಾರ ಸಂಜೆ ಬರ್ ದುಬೈನ ಕಂಪ್ಯೂಟರ್ ಅಂಗಡಿಗೆ ಹೋದೆವು. ದೊಡ್ಡ ಪೆಟ್ಟಿಗೆಗಳನ್ನೆಲ್ಲ ಮನೆಗೆ ಕಳಿಸುತ್ತೇವೆ ಎಂದರು. ಪ್ರೊಸೆಸರನ್ನು ಮಾತ್ರ ನಾನು ಯಾರ ಕೈಗೂ ಕೊಡಲಿಲ್ಲ. ಅದು ಕಂಪ್ಯೂಟರಿನ ಮೆದುಳು ಎಂದು ಮಗಳು ಹೇಳಿದ್ದಳು. ಬಿಸ್ಕತ್ತಿನಷ್ಟು ಅಗಲ. "ಜೋಪಾನ ಚೇಚಿ, ಬಿದ್ದರೆ ಖಲಾಸ್" ಎಂದು ಅಂಗಡಿಯ ಮಲಯಾಳಿ ಬೇರೆ ಹೇಳಿದ್ದ. ನನಗೆ ಅಷ್ಟೇ ಸಾಕಾಯಿತು. ಮನೆಯಿಂದಲೇ ತಂದಿದ್ದ ಅತ್ತೆಯ ಬಿಳಿ ಹತ್ತಿ ಬಟ್ಟೆಯಲ್ಲಿ ಆ ಪೆಟ್ಟಿಗೆಯನ್ನು ಸುತ್ತಿ, ಗಂಟು ಹಾಕಿ, ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಮೆಟ್ರೋ ಹತ್ತಿದೆ.

ರೈಲು ತುಂಬಿತ್ತು. ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದೂರದ ಕಂಬ ಹಿಡಿದು ನಿಂತಿದ್ದಳು. ನನ್ನ ಮುಖದಲ್ಲಿ ಆತಂಕ, ಕೈಯಲ್ಲಿ ಬಿಳಿ ಗಂಟು. ಒಬ್ಬ ಉತ್ತರ ಭಾರತದ ಹಿರಿಯರು ನನ್ನನ್ನೇ ನೋಡುತ್ತಿದ್ದವರು ಎದ್ದು ಸೀಟು ಬಿಟ್ಟುಕೊಟ್ಟರು. ಆಮೇಲೆ ಬಗ್ಗಿ, ಮೆಲ್ಲಗೆ ಹಿಂದಿಯಲ್ಲಿ ಕೇಳಿದರು.

"ಯಾರದಮ್ಮ?"

"ಮಗಳದ್ದು."

ಅವರು ಕಣ್ಣು ಮುಚ್ಚಿಕೊಂಡರು. "ಎಷ್ಟು ವಯಸ್ಸು?"

"ಹದಿನೇಳು."

"ಹೇಗಾಯ್ತು?"

ಕೊಂಡದ್ದು ಹೇಗೆಂದು ಕೇಳುತ್ತಿದ್ದಾರೆ ಅಂದುಕೊಂಡೆ. "ತುಂಬಾ ದಿನದಿಂದ ಹಠ ಮಾಡ್ತಿದ್ದಳು. ಕೊನೆಗೆ ನಾನೇ ಒಪ್ಪಿಕೊಂಡುಬಿಟ್ಟೆ."

ಹಿರಿಯರ ಕಣ್ಣಲ್ಲಿ ನೀರು. "ದೇವರು ನಿಮಗೆ ಶಕ್ತಿ ಕೊಡಲಿ" ಎಂದು ಗಂಟಿಗೆ ಕೈ ಮುಗಿದರು. ಎಷ್ಟು ಒಳ್ಳೆಯ ಮನುಷ್ಯ, ಅಪರಿಚಿತರ ಕಂಪ್ಯೂಟರಿಗೆ ಇಷ್ಟು ಕಾಳಜಿ ಅನಿಸಿ, "ಶಕ್ತಿ ಬೇಕೇ ಬೇಕು. ಇವತ್ತು ತಂದದ್ದಷ್ಟೇ, ಕೆಲಸ ಎಲ್ಲ ನಾಳೆ" ಎಂದೆ.

ಅಷ್ಟರಲ್ಲಿ ಮಗಳು ಜನರ ಮಧ್ಯೆ ನುಸುಳಿ ಬಂದು, "ಅಮ್ಮಾ, ದಟ್ಸ್ ಮೈನ್! ಸರಿಯಾಗಿ ಹಿಡ್ಕೊ, ಅಲ್ಲಾಡ್ತಾ ಇದೆ" ಎಂದಳು.

ಹಿರಿಯರು ಅವಳನ್ನು ನೋಡಿದರು. ಗಂಟನ್ನು ನೋಡಿದರು. ಬಾಗಿಲು ತೆರೆದದ್ದೇ ಇಳಿದು ಹೋದರು. ಅದು ಅವರು ಇಳಿಯಬೇಕಾದ ಸ್ಟೇಷನ್ ಆಗಿರಲಿಕ್ಕಿಲ್ಲ.

ಮುಟ್ಟುವ ಮೊದಲು ಮುಟ್ಟಿ

ಚಳಿಗಾಲದ ಒಣಗಾಳಿ, ನೆಲಕ್ಕೆ ನೈಲಾನ್ ಕಾರ್ಪೆಟ್ಟು. ಇಂಥ ಮನೆಯಲ್ಲಿ ನಡೆದಾಡಿದರೆ ಮೈಯಲ್ಲಿ ಸಣ್ಣಗೆ ಕರೆಂಟು ತುಂಬಿಕೊಳ್ಳುತ್ತದಂತೆ. ಅದೇ ಕೈಯಲ್ಲಿ ಬಿಡಿಭಾಗ ಮುಟ್ಟಿದರೆ ಅದು ಸದ್ದಿಲ್ಲದೆ ಸುಟ್ಟುಹೋಗುತ್ತದಂತೆ. ಹಾಗಾಗದಿರಲು ಮೊದಲು ಯಾವುದಾದರೂ ಲೋಹವನ್ನು ಮುಟ್ಟಬೇಕು. ಮಗಳು ಇದನ್ನು ಒಂದು ಸಲ ಹೇಳಿ ಮರೆತಳು. ನಾನು ಮರೆಯುವ ಪೈಕಿಯಾ?

ಶನಿವಾರ ಬೆಳಗ್ಗೆಯಿಂದ ನಮ್ಮ ಮನೆಯಲ್ಲಿ ಕಾನೂನು ಜಾರಿಗೆ ಬಂತು. ಊಟದ ಮೇಜಿನ ಹತ್ತಿರ ಬರುವವರು ಅಡುಗೆಮನೆಯ ಸ್ಟೀಲಿನ ನಲ್ಲಿ ಮುಟ್ಟಿ ಬರಬೇಕು. ಅತ್ತೆ ಕನ್ನಡಕ ಹುಡುಕಿಕೊಂಡು ಬಂದರು. "ಅತ್ತೆ, ನಲ್ಲಿ!" ಎಂದು ಕೂಗಿದೆ. ಮುಟ್ಟಿ ಬಂದರು. ಕನ್ನಡಕ ಸಿಗಲಿಲ್ಲ, ಸೋಫಾದ ಕಡೆ ಹೋಗಿ ಮತ್ತೆ ಬಂದರು. "ಅತ್ತೆ, ನಲ್ಲಿ!"

"ಎಂತ ಮಾರಾಯ್ತಿ ಇದು? ನಮ್ಮೂರಿನ ಭಟ್ರ ಮನೆಯಲ್ಲಿ ಸಹ ಇಷ್ಟು ಮಡಿ ಕಂಡಿಲ್ಲ ನಾನು!"

ಆಗ ಬೆಲ್ ಆಯಿತು. ಎದುರು ಫ್ಲ್ಯಾಟಿನ ಬ್ಯಾರಿ ಅಣ್ಣ. ದೇರಾದಲ್ಲಿ ಒಣಹಣ್ಣಿನ ಅಂಗಡಿ ಇಟ್ಟವರು. ಹೆಂಡತಿ ಮಾಡಿದ ಅಕ್ಕಿ ರೊಟ್ಟಿಯ ತಟ್ಟೆ ಹಿಡಿದು ಮೇಜಿನ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದರಷ್ಟೇ.

"ಅಣ್ಣಾ, ಮೊದಲು ನಲ್ಲಿ ಮುಟ್ಟಿ!"

"ನಾನು ರೊಟ್ಟಿ ಕೊಡ್ಲಿಕ್ಕೆ ಬಂದದ್ದು ಅಕ್ಕ."

"ರೊಟ್ಟಿಗಲ್ಲ ಅಣ್ಣ, ನಿಮ್ಮ ಮೈಯಲ್ಲಿ ಕರೆಂಟು ಉಂಟು. ಲೋಹ ಮುಟ್ಟದಿದ್ದರೆ ಎಲ್ಲ ಹಾಳಾಗ್ತದೆ."

ಒಳ್ಳೆಯ ಮನುಷ್ಯ, ಎದುರಾಡಲಿಲ್ಲ. ಮುಟ್ಟಿದರು. ತಟ್ಟೆ ಇಟ್ಟು ಗಂಭೀರವಾಗಿ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿಯ ಫೋನು ಬಂತು.

"ಅಕ್ಕ, ನಿಮ್ಮಲ್ಲಿ ಎಂತ ಆಯ್ತು? ಇವರು ಮನೆಗೆ ಬಂದವರು ಫ್ರಿಜ್ಜು ಮುಟ್ಟುತ್ತಾರೆ, ಚಿಲಕ ಮುಟ್ಟುತ್ತಾರೆ, ಆಮೇಲೆ ನನ್ನ ಹತ್ರ ಮಾತಾಡ್ತಾರೆ. ನಾನು ಹಾಳಾಗಬಾರದಂತೆ!"

ಮದರ್

ಪ್ರೊಸೆಸರನ್ನು ಕೂರಿಸುವುದು ಮದರ್‌ಬೋರ್ಡಿನ ಮೇಲೆ. ಎಲ್ಲ ಭಾಗಗಳೂ ಬಂದು ಸೇರುವ ದೊಡ್ಡ ಹಲಗೆ ಅದು. ಕೂರಿಸಿದ ಮೇಲೆ ಪಕ್ಕದಲ್ಲಿರುವ ಸಣ್ಣ ಕಬ್ಬಿಣದ ಸರಳನ್ನು ಒತ್ತಿ ಬಿಗಿಮಾಡಬೇಕು. ಮೆಲ್ಲಗೆ ಒತ್ತಿದರೆ ಅದು ಬಗ್ಗುವುದಿಲ್ಲ, ಜೋರಾಗಿ ಒತ್ತಲು ಧೈರ್ಯ ಬರುವುದಿಲ್ಲ.

ಶನಿವಾರವೂ ಗಂಡನಿಗೆ ಆಫೀಸಿತ್ತು. ಧೈರ್ಯಕ್ಕಿರಲಿ ಎಂದು ಅವರಿಗೆ ಫೋನು ಮಾಡಿ ಮೇಜಿನ ಮೇಲಿಟ್ಟೆ. ಮಗಳು ತುಟಿ ಕಚ್ಚಿಕೊಂಡು ಸರಳು ಒತ್ತಿದಳು.

ಕರ್ರ್ ಎಂದಿತು.

"ಅಯ್ಯೋ ಮುರೀತು! ಮುರೀತು!" ಎಂದು ನಾನು ಕಿರುಚಿದೆ. ಏನು ಮುರಿದದ್ದು ಎಂದು ತಿಳಿಯದ ಅತ್ತೆಯೂ "ಅಯ್ಯಯ್ಯೋ!" ಎಂದು ಕಿರುಚಿದರು. ಗಾಬರಿಯಲ್ಲಿ ನನ್ನ ಮೊಣಕೈ ತಗಲಿ ಫೋನು ನೆಲಕ್ಕೆ ಬಿತ್ತು, ಕಟ್ಟಾಯಿತು.

"ಅಮ್ಮಾ, ಅದು ಮುರಿದ ಸದ್ದಲ್ಲ. ಅದು ಹಾಗೇ ಸೌಂಡ್ ಮಾಡ್ತದೆ. ಇಟ್ಸ್ ನಾರ್ಮಲ್" ಎಂದಳು ಮಗಳು.

ಒಂದೂವರೆ ಗಂಟೆಯ ಮೇಲೆ ಯಾರೋ ಬಾಗಿಲನ್ನು ದಬದಬ ಬಡಿದರು. ತೆರೆದರೆ ಬೆವರಿ ನಿಂತ ಗಂಡ. ಒಳಗೆ ನಾವು ಮೂವರೂ ಅಕ್ಕಿ ರೊಟ್ಟಿ ತಿನ್ನುತ್ತಿದ್ದೆವು.

"ರಜೆ ಹೇಗೆ ಸಿಕ್ಕಿತು?" ಎಂದೆ. ಅವರ ಈಜಿಪ್ಟಿನ ಮ್ಯಾನೇಜರ್ ರಜೆ ಕೊಡುವ ಪೈಕಿಯಲ್ಲ.

"ಫೋನು ಸ್ಪೀಕರಿನಲ್ಲಿತ್ತು, ನಿಮ್ಮ ಬೊಬ್ಬೆ ಇಡೀ ಆಫೀಸಿಗೆ ಕೇಳಿದೆ. ಏನಾಯ್ತು ಅಂತ ಮ್ಯಾನೇಜರ್ ಓಡಿ ಬಂದರು. ನಾನು ಸುಳ್ಳು ಹೇಳ್ಲಿಲ್ಲ. 'ಬ್ರೋಕನ್, ಮದರ್' ಅಂದೆ. 'ಬೋರ್ಡ್' ಅನ್ನುವುದರೊಳಗೆ ಅವರು 'ಯಲ್ಲಾ ಯಲ್ಲಾ, ಹೋಗು' ಅಂತ ನನ್ನನ್ನು ಲಿಫ್ಟಿನ ತನಕ ತಳ್ಳಿಕೊಂಡು ಬಂದರು. ಆಮೇಲೆ ತಿದ್ದಲಿಕ್ಕೆ ಅವಕಾಶ ಎಲ್ಲಿತ್ತು?"

ಎರಡು ದಿನ ಬಿಟ್ಟು ಮ್ಯಾನೇಜರರ ಕಡೆಯಿಂದ ಅತ್ತೆಗೆ ಒಂದು ದೊಡ್ಡ ಬುಟ್ಟಿ ಖರ್ಜೂರ ಬಂತು, ಮುರಿದ ಎಲುಬು ಬೇಗ ಕೂಡಲೆಂಬ ಹಾರೈಕೆಯೊಂದಿಗೆ. ಅತ್ತೆ ಒಂದು ಬಾಯಿಗೆ ಹಾಕಿಕೊಂಡು, "ಒಳ್ಳೆ ಜನ. ಇನ್ನೊಂದು ಸಲ ಮುರಿಯುವುದಿದ್ದರೆ ಬಾದಾಮಿ ಹಾಕಿದ್ದು ಕಳಿಸ್ಲಿಕ್ಕೆ ಹೇಳು" ಎಂದರು.

ಬಿದ್ದ ಸ್ಕ್ರೂ

ಇದು ಸಣ್ಣ ಪ್ರಸಂಗ. ಮರು ಶನಿವಾರ ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಕೂರಿಸುವಾಗ ನನ್ನ ಕೈಯಿಂದ ಒಂದು ಸ್ಕ್ರೂ ಜಾರಿತು. ಒಳಗೆಲ್ಲಾದರೂ ಸಿಕ್ಕಿಕೊಂಡರೆ ಕರೆಂಟು ಕೊಟ್ಟಾಗ ಶಾರ್ಟ್ ಆಗುತ್ತದೆ ಎಂದು ಮಗಳು ಹೇಳಿದ್ದೇ ತಡ, ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕ್ಯಾಬಿನೆಟ್ ಅಲ್ಲಾಡಿಸಿದೆವು. ಕಾರ್ಪೆಟ್ ಸುತ್ತಿದೆವು. ತಟ್ಟೆ ವಾಪಸು ಕೇಳಲು ಬಂದ ಬ್ಯಾರಿ ಅಣ್ಣ, ತಾವಾಗಿಯೇ ನಲ್ಲಿ ಮುಟ್ಟಿ ಬಂದು, ಫೋನಿನ ಟಾರ್ಚು ಹಾಕಿಕೊಂಡು ನಮ್ಮೊಂದಿಗೆ ಮೊಣಕಾಲೂರಿದರು.

ಕೊನೆಗೆ ಅಡುಗೆಮನೆಯ ಹೊಸ್ತಿಲ ಹತ್ತಿರ ಅವರಿಗೇ ಸಿಕ್ಕಿತು. ಇಷ್ಟು ದೂರ ಹೇಗೆ ಉರುಳಿತು ಎಂದು ಆಶ್ಚರ್ಯಪಟ್ಟು, ಸ್ವಲ್ಪ ಒತ್ತಾಯ ಮಾಡಿ, ಹಾಕಿ ಬಿಗಿದೆವು. ನನ್ನ ಉಸಿರು ವಾಪಸು ಬಂತು. ಎಲ್ಲರಿಗೂ ಚಹಾ ಮಾಡುತ್ತೇನೆ ಎಂದು ಅತ್ತೆ ಒಳಗೆ ಹೋಗಿ ಚಹಾದ ಪಾತ್ರೆ ಎತ್ತಿದರು. ಹಿಡಿ ಮಾತ್ರ ಮೇಲೆ ಬಂತು.

ಆ ಹಿಡಿಯನ್ನು ಹಿಡಿದುಕೊಂಡೇ ಹೊರಗೆ ಬಂದರು. "ನಿನ್ನ ಕಂಪ್ಯೂಟರಿನಲ್ಲಿ ಚಹಾ ಕುದೀತದಾ ಕೇಳು."

ನಿಜವಾದ ಸ್ಕ್ರೂ ನನ್ನ ಸೆರಗಿನಲ್ಲಿತ್ತು.

ಬೆಂಕಿ ಇಟ್ಟದ್ದು ನಾನೇ

ಅಂದೇ ಮಧ್ಯಾಹ್ನ ಎಲ್ಲವನ್ನೂ ಜೋಡಿಸಿ ಮುಗಿಯಿತು. ಚಿತ್ರ ಕಳಿಸಲು ಮಗಳಿಗೆ ಇನ್ನು ಹೆಚ್ಚು ಸಮಯವಿರಲಿಲ್ಲ. ಇದು ಓಡದಿದ್ದರೆ ಬೇರೆ ದಾರಿಯೂ ಇರಲಿಲ್ಲ. ಮಾನಿಟರ್ ಸಿಕ್ಕಿಸಿ, ಪ್ಲಗ್ ಹಾಕಿ, ನನ್ನ ಕಡೆ ತಿರುಗಿದಳು. "ನೀನೇ ಆನ್ ಮಾಡಮ್ಮ. ನಂಗೆ ಭಯ."

ಅವಳಿಗೆ ಭಯ! ಹೆದರುವ ಕೆಲಸ ಪೂರ್ತಿ ನನ್ನ ಪಾಲಿನದು ಎಂದು ನಾನು ತಿಳಿದಿದ್ದೆ. ದೇವರನ್ನು ನೆನೆದು, ಕಣ್ಣು ಮುಚ್ಚಿ, ಗುಂಡಿ ಒತ್ತಿದೆ.

ಒಳಗೆ ಫ್ಯಾನು ಗಿರ್ರನೆ ತಿರುಗಿತು. ಅದೇ ಕ್ಷಣ ಇಡೀ ಕಟ್ಟಡದ ಫೈರ್ ಅಲಾರ್ಮ್ ಹೊಡೆದುಕೊಂಡಿತು.

ಆಮೇಲೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಪ್ಲಗ್ ಕಿತ್ತೆ. ಕ್ಯಾಬಿನೆಟ್ಟನ್ನು ಮಗುವಿನ ಹಾಗೆ ಎತ್ತಿಕೊಂಡೆ. ಪಾಸ್‌ಪೋರ್ಟುಗಳಿದ್ದ ಕಪಾಟಿನ ಮುಂದೆಯೇ ಓಡಿದರೂ ಅದರ ಕಡೆ ನೋಡಲಿಲ್ಲ. ಹಿಂದೆ ಮಗಳು, ಅವಳ ಕೈ ಹಿಡಿದು ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ತನ್ನದು ಹಾಕಿಕೊಂಡ ಅತ್ತೆ. ಮೆಟ್ಟಿಲಿಳಿದು ಪಾರ್ಕಿಂಗಿಗೆ ಬಂದು ಸೆಕ್ಯುರಿಟಿಯವನ ಮುಂದೆ ನಿಂತೆ.

"ಭಾಯ್, ನಾನೇ ಮಾಡಿದ್ದು. ನಮ್ಮ ಕಂಪ್ಯೂಟರಿನಿಂದ. ಮಗಳದ್ದೇನೂ ತಪ್ಪಿಲ್ಲ. ಬೆಂಕಿ ಎಲ್ಲಿಯ ತನಕ ಹೋಯಿತು?"

ಅವನು ನನ್ನನ್ನೂ ಕ್ಯಾಬಿನೆಟ್ಟನ್ನೂ ನೋಡಿದ. ವಾಕಿಟಾಕಿಯಲ್ಲಿ ಏನೋ ಕೇಳಿದ. ಅಲಾರ್ಮ್ ನಿಂತಿತು. "ಮಾಫಿ ಪ್ರಾಬ್ಲಮ್ ಮೇಡಂ, ಏನೂ ತೊಂದರೆ ಇಲ್ಲ. ಟೆಸ್ಟಿಂಗ್. ಇವತ್ತು ಎಲ್ಲ ಮಹಡಿಯ ಅಲಾರ್ಮ್ ಚೆಕ್ ಮಾಡ್ತಾರೆ ಅಂತ ಎಲ್ಲರಿಗೂ ಮೆಸೇಜ್ ಹೋಗಿದೆ."

ತಲೆಯೆತ್ತಿ ನೋಡಿದೆ. ಕೆಳಗೆ ಬಂದವರು ನಾವು ಮೂವರೇ. ಉಳಿದವರೆಲ್ಲ ಬಾಲ್ಕನಿಗಳಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಬ್ಯಾರಿ ಅಣ್ಣ ಕೈ ಬೀಸಿದರು.

ನೆಲ ಬಿರಿದು ನನ್ನನ್ನು ನುಂಗಬಾರದಾ ಎನಿಸಿತು. ಮೆಲ್ಲಗೆ ಬಾಗಿಲ ಕಡೆ ತಿರುಗಿದೆ. ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ.

"ಮೇಡಂ, ಈ ಸಾಮಾನು ಒಳಗೆ ಹೋಗ್ಲಿಕ್ಕೆ ಮೂವ್-ಇನ್ ಪರ್ಮಿಟ್ ಬೇಕು."

"ಇದು ಈಗಷ್ಟೇ ಒಳಗಿನಿಂದ ಬಂದದ್ದು!"

"ಹಾಗಾದರೆ ಮೂವ್-ಔಟ್ ಪರ್ಮಿಟ್ ಸಹ ಬೇಕಿತ್ತು."

ಆಫೀಸಿಗೆ ಕೇಳುತ್ತೇನೆ ಎಂದು ಅವನು ಫೋನು ಹಿಡಿದ. ನಾನು ಅವನ ಕ್ಯಾಬಿನ್ನಿನ ಕುರ್ಚಿಯಲ್ಲಿ ಕುಸಿದು ಕುಳಿತೆ. ಮೆಟ್ಟಿಲಲ್ಲಿ ಎಲ್ಲಿ ತಗಲಿತೋ, ಒಳಗೆ ಏನು ಕಳಚಿತೋ, ಮಗಳ ಕಾಲೇಜು ನನ್ನ ಕೈಯಾರೆ ಹೋಯಿತು ಎಂದು ಹಣೆ ಚಚ್ಚಿಕೊಂಡೆ. ಕ್ಯಾಬಿನ್ನಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಂದು ಹಳೆಯ ಮಾನಿಟರ್ ಮಗಳ ಕಣ್ಣಿಗೆ ಬಿದ್ದಿತ್ತು.

"ಅಂಕಲ್, ಒನ್ ಮಿನಿಟ್ ಕನೆಕ್ಟ್ ಮಾಡ್ಲಾ?"

ಅವನಿಗೂ ಕುತೂಹಲವೇ. ಹೂಂ ಎಂದ. ಮಗಳು ವಯರು ಸಿಕ್ಕಿಸಿ, ಈ ಸಲ ನನ್ನನ್ನು ಕೇಳದೆ ತಾನೇ ಗುಂಡಿ ಒತ್ತಿದಳು.

ಪರದೆ ಬೆಳಗಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಒಳಗಿನಿಂದ ಬೀಪ್ ಬೀಪ್ ಬೀಪ್ ಎಂಬ ಸದ್ದು. ಕೀಬೋರ್ಡ್ ಕಾಣುತ್ತಿಲ್ಲ, ಎರರ್ ಎಂದು ಬರೆದಿತ್ತು.

"ಎರರ್! ನೋಡು, ಎರರ್ ಅಂತಿದೆ! ಕೂಗ್ತಾ ಇದೆ! ಆರಿಸು, ಆರಿಸು!" ಎಂದು ನಾನು ಎದ್ದು ನಿಂತೆ.

ಮಗಳು ಎರಡೂ ಕೈಯಲ್ಲಿ ನನ್ನನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಅಮ್ಮಾ, ಇಟ್ಸ್ ವರ್ಕಿಂಗ್! ಹೀಗೆ ಬೊಬ್ಬೆ ಹಾಕ್ತಾ ಇದೆ ಅಂದ್ರೆ ಅದು ಬದುಕಿದೆ ಅಂತ ಅರ್ಥ. ಸುಮ್ಮನಿದ್ರೆ ಮಾತ್ರ ಹೆದರಬೇಕು!"

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಮೊಮ್ಮಗಳ ಬೆನ್ನು ತಟ್ಟಿ ಹೇಳಿದರು:

"ಹಾಗಾದರೆ ನಿನ್ನ ಅಮ್ಮನ ಆಯುಷ್ಯಕ್ಕೆ ಎಂತದೂ ತೊಂದ್ರೆ ಇಲ್ಲ ಮಗಾ."